ಕುದುರೆ ಮಜ್ಜೆಗೆ ಕುದುರೆಯದೇ ಎಪೊ: ನನ್ನ ಅನುಭವ

ಕೆಂಪು ರಕ್ತಕಣ ಹುಟ್ಟುವುದು ಮೂಳೆಮಜ್ಜೆಯಲ್ಲಿ. ಆದರೆ ಹುಟ್ಟಿಸು ಅಂತ ಹೇಳಿ ಕಳಿಸುವುದು ಮೂತ್ರಪಿಂಡ. ಆಮ್ಲಜನಕ ಸಾಲದಾದಾಗ ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ನಾವು ಅದನ್ನು ಎಪೊ ಅನ್ನುತ್ತೇವೆ. ಮೈಸೂರಿನ ನಮ್ಮ ಲ್ಯಾಬಿನಲ್ಲಿ ಕುದುರೆಯ ಮಜ್ಜೆ ಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಅದಕ್ಕೆ ನಾನು ಕುದುರೆಯದೇ ರೀಕಾಂಬಿನೆಂಟ್ ಎಪೊ, ಅಂದರೆ ಕುದುರೆಯ ಜೀನನ್ನು ಬೇರೆ ಕೋಶಕ್ಕೆ ಸೇರಿಸಿ ಲ್ಯಾಬಿನಲ್ಲಿ ತಯಾರಿಸಿದ ಎಪೊ, ಬಳಸುತ್ತೇನೆ.

ಮನುಷ್ಯರ ಎಪೊ ಸುಲಭವಾಗಿ ಸಿಗುತ್ತದಲ್ಲ, ಅದೇ ಸಾಲದೇ ಅಂತ ಹೊಸಬರು ಕೇಳುತ್ತಾರೆ. 1977ರಲ್ಲಿ ಅಮೆರಿಕದ ವಿಜ್ಞಾನಿ ಗೋಲ್ಡ್‌ವಾಸರ್ ತಂಡ ಮನುಷ್ಯರ 2550 ಲೀಟರ್ ಮೂತ್ರ ಸೋಸಿ ಅದನ್ನು ಶುದ್ಧವಾಗಿ ತೆಗೆಯಿತು. 1985ರಲ್ಲಿ ಅದರ ಜೀನ್ ಕೈಗೆ ಬಂತು. ಈಗ ಡಯಾಲಿಸಿಸ್ ರೋಗಿಗಳಿಗೆ ಕೊಡುವ ಇಂಜೆಕ್ಷನ್ ಅದೇ. ಆದರೆ ಅದನ್ನು ಚುಚ್ಚಿಸಿಕೊಂಡ ಕೆಲವು ಕುದುರೆಗಳ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿತು. ಆ ಪ್ರತಿಕಾಯ ಕುದುರೆಯ ಸ್ವಂತ ಎಪೊವನ್ನೂ ಬಿಡಲಿಲ್ಲ. ರಕ್ತ ಹೆಚ್ಚಲಿ ಅಂತ ಕೊಟ್ಟದ್ದು ತೀವ್ರ ರಕ್ತಹೀನತೆ ತಂದಿತು. ಎರಡೂ ಎಪೊ ಒಂದೇ ಅಲ್ಲ ಅನ್ನುವುದಕ್ಕೆ ಇನ್ನೇನು ಬೇಕು? ಕುದುರೆಯ ಬಗ್ಗೆ ಪ್ರಶ್ನೆ ಕೇಳುವಾಗ ಕುದುರೆಯ ಹಾರ್ಮೋನನ್ನೇ ಹಾಕಬೇಕು, ಇದು ನನ್ನ ಖಚಿತ ಅಭಿಪ್ರಾಯ.

ರಕ್ತ ಬಿಟ್ಟು ಮಜ್ಜೆಯೇ ಯಾಕೆ? ಕುದುರೆ ಓಡಿದ ಕೂಡಲೇ ಗುಲ್ಮ ಕುಗ್ಗಿ, ಅಲ್ಲಿ ಕೂಡಿಟ್ಟ ಕಣಗಳನ್ನೆಲ್ಲ ಹೊರಗೆ ಬಿಡುತ್ತದೆ. ಹೆದರಿದರೂ ಅಷ್ಟೇ. ಹೊಸ ಕಣ ಒಂದೂ ಹುಟ್ಟದೆ ರಿಪೋರ್ಟಿನಲ್ಲಿ ಸಂಖ್ಯೆ ಏರಿರುತ್ತದೆ. ನಾಯಿಯಲ್ಲೋ ಮನುಷ್ಯರಲ್ಲೋ ಎಳೆಯ ಕೆಂಪುಕಣ ರಕ್ತಕ್ಕೆ ಬರುತ್ತದೆ, ಎಣಿಸಬಹುದು. ಕುದುರೆ ಅವನ್ನು ಮಜ್ಜೆಯಲ್ಲೇ ಇಟ್ಟುಕೊಂಡು ಬಲಿಸುತ್ತದೆ. ಹಾಗಾಗಿ ಪಶುವೈದ್ಯರು ಕಾಯಿಲೆ ಪತ್ತೆಗೆ ಎದೆಮೂಳೆಯಿಂದ ತೆಗೆದ ಮಜ್ಜೆಯಲ್ಲಿ ಉಳಿದದ್ದನ್ನು, ಮಾಲೀಕರ ಒಪ್ಪಿಗೆ ಪಡೆದು ತರುತ್ತೇನೆ.

ಒಮ್ಮೆ ಟಾಂಗಾ ಓಡಿಸುವ ಹಿರಿಯರೊಬ್ಬರು ಕೇಳಿದರು, “ಮೇಡಂ, ಆ ಔಷಧಿನ ನನ್ನ ಕುದುರೆಗೇ ಹಾಕಬಹುದಲ್ವಾ?” “ಬೇಡ ಅಣ್ಣ, ಇದು ಔಷಧಿ ಅಲ್ಲ, ಲ್ಯಾಬಿಗೆ ಮಾತ್ರ ಮಾಡಿರೋದು. ರಕ್ತ ಕಡಿಮೆ ಆಗಿದ್ರೆ ಅದಕ್ಕೆ ಕಾರಣ ಹೊಟ್ಟೆಹುಳನೋ ಉಣ್ಣಿನೋ ಅಂತ ಡಾಕ್ಟರು ನೋಡಿ ಹೇಳ್ತಾರೆ” ಅಂದೆ. ರೇಸ್ ಕುದುರೆಗಂತೂ ಎಪೊ ನಿಷೇಧ.

ಎಪೊದ ವಯಲ್ (ಪುಟ್ಟ ಸೀಸೆ) ಬಂದಾಗ ತಳದಲ್ಲಿ ಬಿಳಿ ಪೊರೆಯಷ್ಟು ಪುಡಿ ಇರುತ್ತದೆ. ಕೆಲವೊಮ್ಮೆ ಕಣ್ಣಿಗೇ ಕಾಣುವುದಿಲ್ಲ. ಮುಚ್ಚಳ ತೆಗೆಯುವ ಮೊದಲು ಸೆಂಟ್ರಿಫ್ಯೂಜಿನಲ್ಲಿ, ಅಂದರೆ ಗರಗರ ತಿರುಗಿಸುವ ಯಂತ್ರದಲ್ಲಿ, ಒಂದು ಸುತ್ತು ಹಾಕಿ, ಇಲ್ಲವಾದರೆ ದುಡ್ಡೆಲ್ಲ ಮುಚ್ಚಳಕ್ಕೆ ಅಂಟಿರುತ್ತದೆ. ಜೊತೆಗೆ ಬಂದ ಹಾಳೆಯಲ್ಲಿ ಹೇಳಿದ ಬಫರನ್ನೇ ಗೋಡೆಗುಂಟ ನಿಧಾನವಾಗಿ ಬಿಡಿ. ಕುಲುಕಬೇಡಿ, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ. ತೆಳುವಾದ ದ್ರಾವಣದಲ್ಲಿ ಎಪೊ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ನಾನು 0.1% ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನ್) ಸೇರಿಸುತ್ತೇನೆ. ಆಮೇಲೆ ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟನ್ನೇ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿ ಇಡುತ್ತೇನೆ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ.

ಯಾವ ಕೋಶದಲ್ಲಿ ತಯಾರಾದ ಎಪೊ ಅನ್ನುವುದನ್ನೂ ನೋಡಿ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದಕ್ಕೆ ಸಕ್ಕರೆಯ ಸರಪಳಿ ಇರುವುದಿಲ್ಲ. ಕೋಶ ಬೆಳೆಸುವ ಡಿಶ್ಶಿನಲ್ಲಿ ಅದು ಕೆಲಸ ಮಾಡುತ್ತದೆ, ಪ್ರಾಣಿಯ ಮೈಯೊಳಗೆ ಮಾತ್ರ ಬೇಗ ಮಾಯ. ಅದರಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಎಷ್ಟಿದೆ ಅಂತಲೂ ಓದಿಕೊಳ್ಳಬೇಕು.

ಕೋಶಗಳನ್ನು ಮೀಥೈಲ್ ಸೆಲ್ಯುಲೋಸಿನಲ್ಲಿ ಬೆಳೆಸುತ್ತೇನೆ. ಅದು ರಾಗಿ ಅಂಬಲಿಯ ಹಾಗೆ ಮಂದ, ಪಿಪೆಟ್ಟಿಗೆ ಬಗ್ಗುವುದಿಲ್ಲ. ಮೊಂಡು ಸೂಜಿಯ ಸಿರಿಂಜ್ ಬೇಕು. ಡಿಶ್ಶುಗಳ ಪಕ್ಕ ತೆರೆದ ನೀರಿನ ಡಿಶ್ ಇಡದಿದ್ದರೆ ಅಂಚು ಒಣಗುತ್ತದೆ. ಎಪೊ ಹಿಡಿದ ಕಡೆ ಕೋಶಗಳು ಪುಟ್ಟ ಗೊಂಚಲಾಗುತ್ತವೆ. ಹಿಮೋಗ್ಲೋಬಿನ್ ತುಂಬಿದಂತೆ ಗೊಂಚಲಿನ ನಡುವೆ ತಿಳಿಗೆಂಪು ಬರುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನಗೆ ಈಗಲೂ ಖುಷಿ. ಎಪೊ ಹಾಕದ ಡಿಶ್ ಮಾತ್ರ ಪ್ರತಿ ಸಲವೂ ಇರಲೇಬೇಕು. ಅದಿಲ್ಲದೆ ಎಣಿಸಿದ ಸಂಖ್ಯೆಗೆ ಬೆಲೆಯಿಲ್ಲ.

ಎಪೊದ ಶಕ್ತಿ ಎಷ್ಟು ಅಂತ ವಯಲ್ ಮೇಲೆ ಬರೆದ ಯೂನಿಟ್ಟು ಬೇರೆ ಯಾವುದೋ ಕೋಶದ ಮೇಲೆ ಅಳೆದದ್ದಿರಬಹುದು. ಅದಕ್ಕೇ ಪ್ರತಿ ಹೊಸ ಲಾಟಿಗೂ (ಒಂದೇ ಸಲ ತಯಾರಾದ ಕಂತಿಗೂ) ಎಪೊ ಪ್ರಮಾಣವನ್ನು ಸೊನ್ನೆಯಿಂದ ಏರಿಸುತ್ತಾ ಡಿಶ್ಶುಗಳ ಸಾಲು ಹಾಕಿ, ಗೊಂಚಲು ಹೆಚ್ಚುವುದು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತೇನೆ. ಹಳೆ ಲಾಟಿನ ಒಂದೆರಡು ಟ್ಯೂಬ್ ಉಳಿಸಿಕೊಂಡು ಅದೇ ಮಜ್ಜೆಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸುತ್ತೇನೆ.