ಐವತ್ತೇಳರ ಷೆವರ್ಲೆ ಮತ್ತು ಮಾವನ ಅಂಗೈ

ನಮ್ಮ ಗರಾಜಿನ ಗೋಡೆಗೆ ಸೊಂಟದೆತ್ತರದಲ್ಲಿ ನಾಲ್ಕು ಟ್ಯೂಬ್‌ಲೈಟುಗಳನ್ನು ಅಡ್ಡಲಾಗಿ ಹಾಕಿದ್ದೇನೆ. ಬಂದವರು, ಇಷ್ಟು ಕೆಳಗೆ ಯಾಕೆ ಹಾಕಿದಿರಿ ಎಂದು ಕೇಳುತ್ತಾರೆ. ಅವು ಇರುವುದು ಕಾರಿನ ಮೈಮೇಲೆ ಗೆರೆ ಎಳೆಯಲಿಕ್ಕೆ. ತಗಡು ಸರಿಯಿದ್ದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ದೀಪದವರೆಗೆ ಒಂದೇ ಉಸಿರಿನಲ್ಲಿ ಹರಿಯುತ್ತದೆ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಗ್ಗಿದ್ದರೂ ಆ ಗೆರೆ ಅಲ್ಲಿ ನಡುಗುತ್ತದೆ. ಕಳೆದ ನಾಲ್ಕು ಚಳಿಗಾಲ ನಾನು ಮಾಡಿದ್ದು ಆ ನಡುಕ ಹೋಗಿಸುವ ಕೆಲಸ.

ಕಾರು ಜನರಲ್ ಮೋಟರ್ಸ್‌ ಕಂಪನಿಯ 1957ರ ಷೆವರ್ಲೆ ಬೆಲ್ ಏರ್, ನಾಲ್ಕು ಬಾಗಿಲಿನ ಸೆಡಾನ್. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್‌ನ ಹೊರವಲಯದಲ್ಲಿ. ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ.

ಹಳೆಯ ಅಮೆರಿಕನ್ ಕಾರಿನ ಹುಚ್ಚು ಹಿಡಿದದ್ದು ಮಾತ್ರ ಇಲ್ಲಿಗೆ ಬಂದ ಮೇಲಲ್ಲ. ನನ್ನ ಸೋದರಮಾವನದು ಟಿಂಕರಿಂಗ್ ಶೆಡ್ಡು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಬರುತ್ತಿದ್ದದ್ದೆಲ್ಲ ಅಂಬಾಸಿಡರ್, ಫಿಯೆಟ್, ಮೆಟಡಾರ್. ಒಂದು ಮಳೆಗಾಲ ಕೊಪ್ಪದ ಕಡೆಯ ತೋಟದವರೊಬ್ಬರ ಡಾಡ್ಜ್ ಕಿಂಗ್ಸ್‌ವೇ ಬಂತು. ಆ ಕಾರುಗಳನ್ನು ಐವತ್ತರ ದಶಕದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮುಂಬಯಿಯಲ್ಲಿ ಜೋಡಿಸುತ್ತಿದ್ದರು. ಅದರ ಮಡ್‌ಗಾರ್ಡಿನ ಉಬ್ಬು ನನ್ನ ಎದೆಯವರೆಗೆ ಬರುತ್ತಿತ್ತು. ಮಾವ ಅದಕ್ಕೆ ಸೀಮೆಎಣ್ಣೆ ಬಟ್ಟೆ ಒರೆಸಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು, ಅಂಗೈಯನ್ನು ಉದ್ದಕ್ಕೆ ಎಳೆದರು. ಎರಡು ಸಲ ಎಳೆದು ಸೀಮೆಸುಣ್ಣದಲ್ಲಿ ಮೂರು ಕಡೆ ಗುರುತು ಹಾಕಿದರು. ನನಗೆ ಅಲ್ಲೇನೂ ಕಾಣಲಿಲ್ಲ. "ಕಣ್ಣಿಗೆ ಕಾಣಲ್ಲ ಮಾರಾಯ, ಕೈ ಇಡು" ಎಂದರು. ಇಟ್ಟೆ. ಆಗಲೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಲಿಕ್ಕೆ ಇನ್ನೂ ಮೂವತ್ತು ವರ್ಷ ಬೇಕಿತ್ತು.

ಈಗ ನನ್ನ ಹೊಟ್ಟೆಪಾಡಿನ ಕೆಲಸವೂ ಕಾರಿನ ಮೈಯದೇ, ಆದರೆ ಕಂಪ್ಯೂಟರಿನಲ್ಲಿ. ಪರದೆಯ ಮೇಲಿನ ಬಾಗಿಲು, ಬಾನೆಟ್ಟುಗಳ ಮೇಲೆ ಜೀಬ್ರಾದ ಹಾಗೆ ಕಪ್ಪು ಬಿಳಿ ಪಟ್ಟೆ ಬೀಳಿಸಿ, ಅವು ಎಲ್ಲಿ ಮುರಿಯುತ್ತವೆ ನೋಡುತ್ತೇವೆ. ಮಾವನ ಅಂಗೈ ಮಾಡುತ್ತಿದ್ದದ್ದೂ ಅದನ್ನೇ ಎಂದು ಹೊಳೆದ ದಿನ ನನಗೆ ಈ ಹಳೆಯ ಕಾರುಗಳು ಬೇರೆಯಾಗಿಯೇ ಕಾಣತೊಡಗಿದವು. ಅವುಗಳ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಕ್ರೋಮ್ ಬಗ್ಗೆ ಮಾತಾಡುತ್ತಾರೆ, ಹಿಂಭಾಗದಲ್ಲಿ ವಿಮಾನದ ಬಾಲದ ಹಾಗೆ ಎದ್ದುನಿಂತ ರೆಕ್ಕೆ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅವು ಒಡವೆ ಮಾತ್ರ. ಸೊಗಸಿರುವುದು ಒಡವೆಯ ಕೆಳಗಿನ ಮೈಯಲ್ಲಿ, ಅದು ಬೆಳಕನ್ನು ಹಿಡಿಯುವ ರೀತಿಯಲ್ಲಿ. ಆ ಮೈ ಹುಟ್ಟಿದ್ದು ಕೈಯಿಂದ.

1927ರಲ್ಲಿ ಜನರಲ್ ಮೋಟರ್ಸ್‌ನ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ ಕ್ಯಾಲಿಫೋರ್ನಿಯಾದ ಹಾರ್ಲಿ ಅರ್ಲ್ ಅವರ ಕೈಗೆ 'ಆರ್ಟ್ ಅಂಡ್ ಕಲರ್' ಎಂಬ ಹೊಸ ವಿಭಾಗ ಕೊಟ್ಟರು. ಅರ್ಲ್ ಹಾಲಿವುಡ್ಡಿನಲ್ಲಿ ಹುಟ್ಟಿದವರು, ಅಪ್ಪನ ಗಾಡಿ ಕಟ್ಟುವ ಕಾರ್ಖಾನೆಯಲ್ಲಿ ಸಿನಿಮಾ ನಟರಿಗೆ ಕಾರಿನ ಮೈ ಮಾಡಿಕೊಡುತ್ತಿದ್ದವರು. ಅವರು ಡೆಟ್ರಾಯ್ಟ್‌ನಲ್ಲಿ ಬೇರೂರಿಸಿದ್ದು ಜೇಡಿಮಣ್ಣಿನಲ್ಲಿ ಕಾರು ತಿದ್ದುವ ಪದ್ಧತಿಯನ್ನು. ಮರದ ಚೌಕಟ್ಟಿಗೆ ಬಿಸಿ ಮಾಡಿದ ಜೇಡಿ ಮೆತ್ತಿ, ಪೂರ್ತಿ ಗಾತ್ರದ ಕಾರನ್ನೇ ಕೆರೆದು ಕೆರೆದು ರೂಪಕ್ಕೆ ತರುತ್ತಾರೆ. ಆಮೇಲೆ ಅದರ ಮೇಲೆ ಹೊಳೆಯುವ ತೆಳು ಹಾಳೆ ಅಂಟಿಸಿ ಬೆಳಕು ಹೇಗೆ ಹರಿಯುತ್ತದೆ ನೋಡುತ್ತಾರೆ. ಇವತ್ತಿಗೂ ಆ ಪದ್ಧತಿ ಹೋಗಿಲ್ಲ. ವಾರನ್ ಊರಿನಲ್ಲಿ 1956ರಲ್ಲಿ ಉದ್ಘಾಟನೆಯಾದ, ವಾಸ್ತುಶಿಲ್ಪಿ ಈರೊ ಸಾರಿನೆನ್ ಕಟ್ಟಿದ ಜನರಲ್ ಮೋಟರ್ಸ್‌ನ ತಾಂತ್ರಿಕ ಕೇಂದ್ರದಲ್ಲಿ ಒಂದು ಬೆಳ್ಳಿಬಣ್ಣದ ಗುಮ್ಮಟವಿದೆ. ಕಾರಿನ ಮೈಯನ್ನು ಒಳ್ಳೆಯ ಬೆಳಕಿನಲ್ಲಿ ನಿಲ್ಲಿಸಿ ನೋಡಲಿಕ್ಕೆಂದೇ ಕಟ್ಟಿದ್ದು. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನ್ನ ಕಾರಿನ ವೇಗ ತಾನಾಗಿ ಕಡಿಮೆಯಾಗುತ್ತದೆ.

ರೆಕ್ಕೆಯ ಕತೆಯೂ ಇಲ್ಲಿನದೇ. ಅರ್ಲ್ ತಮ್ಮ ವಿನ್ಯಾಸಗಾರರನ್ನು ಸೆಲ್ಫ್‌ರಿಜ್ ವಿಮಾನ ನೆಲೆಗೆ ಕರೆದುಕೊಂಡು ಹೋಗಿ ಲಾಕ್‌ಹೀಡ್ ಪಿ-38 ಯುದ್ಧವಿಮಾನ ತೋರಿಸಿದ್ದರು. ಅದರ ಜೋಡಿ ಬಾಲ 1948ರ ಕ್ಯಾಡಿಲಾಕ್‌ನ ಹಿಂಭಾಗದಲ್ಲಿ ಚಿಕ್ಕ ಉಬ್ಬಾಗಿ ಮೂಡಿತು. 1959ರ ಕ್ಯಾಡಿಲಾಕ್‌ನಲ್ಲಿ ಅದೇ ರೆಕ್ಕೆ ಎಲ್ಲಕ್ಕಿಂತ ಎತ್ತರಕ್ಕೆ ಹೋಯಿತು. ನನಗೆ 59 ಅತಿಯಾಯಿತು ಅನಿಸುತ್ತದೆ. 57ರ ಷೆವರ್ಲೆಯ ರೆಕ್ಕೆಗೆ ಒಂದು ಹದವಿದೆ.

ಆ ಹದದ ಹಿಂದೆ ಒಂದು ಇಕ್ಕಟ್ಟೂ ಇತ್ತು. ಫೋರ್ಡ್ ಮತ್ತು ಪ್ಲಿಮತ್ 57ಕ್ಕೆ ಪೂರ್ತಿ ಹೊಸ, ತಗ್ಗಾದ ಮೈಕಟ್ಟಿನ ಕಾರು ತಂದಿದ್ದವು. ಷೆವರ್ಲೆಯ ಹೊಸ ಮೈ ಬಂದದ್ದು 58ಕ್ಕೆ. ಹಾಗಾಗಿ ಕ್ಲೇರ್ ಮ್ಯಾಕಿಕನ್ ಮುಖ್ಯಸ್ಥರಾಗಿದ್ದ ಸ್ಟುಡಿಯೋದವರು 55ರ ಮೈಯನ್ನೇ ಎರಡನೆಯ ಸಲ ತಿದ್ದಬೇಕಾಯಿತು. ಚಕ್ರವನ್ನು 15 ಇಂಚಿನಿಂದ 14ಕ್ಕೆ ಇಳಿಸಿ ಕಾರನ್ನು ತಗ್ಗಿಸಿದರು, ಹಿಂದೆ ರೆಕ್ಕೆ ಕೊಟ್ಟು ಉದ್ದವಾಗಿ ಕಾಣಿಸಿದರು. ಆ ವರ್ಷದ ಮಾದರಿಗಳಲ್ಲಿ ಫೋರ್ಡೇ ಹೆಚ್ಚು ಮಾರಾಟವಾಯಿತು. ಅರುವತ್ತು ವರ್ಷದ ಮೇಲೆ ಜನ ಹುಡುಕಿಕೊಂಡು ಹೋಗುವುದು ಮಾತ್ರ ಷೆವರ್ಲೆಯನ್ನು.

ನಾನು ನನ್ನದನ್ನು ಕೊಂಡದ್ದು ನ್ಯೂ ಮೆಕ್ಸಿಕೊದಲ್ಲಿ. ಕಾರಣ ಉಪ್ಪು. ಮಿಶಿಗನ್‌ನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ, ಡೆಟ್ರಾಯ್ಟ್ ಊರಿನ ಅಡಿಯಲ್ಲೇ ಉಪ್ಪಿನ ಗಣಿಯಿದೆ. ಇಲ್ಲೇ ಓಡಾಡಿದ ಹಳೆಯ ಕಾರಿನ ತಳ ಜರಡಿಯಾಗಿರುತ್ತದೆ. ಮರುಭೂಮಿಯ ಕಾರಿನಲ್ಲಿ ಸೀಟು, ರಬ್ಬರು ಸುಟ್ಟು ಹಪ್ಪಳವಾಗಿರುತ್ತವೆ, ತಗಡು ಉಳಿದಿರುತ್ತದೆ. ಬಾಗಿಲ ಕಂಬದ ಮೇಲಿನ ಸಂಖ್ಯೆ ವಿಸಿ57ಎಫ್ ಎಂದು ಶುರುವಾಗುತ್ತಿತ್ತು. ವಿ ಎಂದರೆ ವಿ-8 ಎಂಜಿನ್, ಸಿ ಎಂದರೆ ಬೆಲ್ ಏರ್, ಎಫ್ ಎಂದರೆ ಫ್ಲಿಂಟ್ ಕಾರ್ಖಾನೆ. ಫ್ಲಿಂಟ್ ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಅಲ್ಲಿ ಹುಟ್ಟಿ ಮರುಭೂಮಿಗೆ ಹೋಗಿದ್ದ ಕಾರನ್ನು ಟ್ರೇಲರಿನಲ್ಲಿ ವಾಪಸ್ ತಂದೆ.

ನಾಲ್ಕು ಬಾಗಿಲಿನದು ಯಾಕೆ ತಗೊಂಡೆ ಎಂದು ಇಲ್ಲಿನ ಗೆಳೆಯರು ಬೇಜಾರು ಮಾಡಿಕೊಂಡರು. ಬೆಲೆ ಬರುವುದು ಕಿಟಕಿಗಳ ನಡುವೆ ಕಂಬವಿಲ್ಲದ, ಎರಡು ಬಾಗಿಲಿನ ಹಾರ್ಡ್‌ಟಾಪ್‌ಗೆ. ಸೆಡಾನುಗಳನ್ನು ಎಷ್ಟೋ ಜನ ಬಿಡಿಭಾಗಕ್ಕೆಂದೇ ಕೊಂಡು ಕತ್ತರಿಸುತ್ತಾರೆ. ನನಗೆ ಅದು ಸಂಕಟದ ವಿಷಯ. ಈ ದೇಶದ ಸಂಸಾರಗಳು ಮಕ್ಕಳು ಮರಿ ಕಟ್ಟಿಕೊಂಡು ಓಡಾಡಿದ್ದು ಸೆಡಾನುಗಳಲ್ಲಿ. ನನಗೂ ಇಬ್ಬರು ಮಕ್ಕಳು.

ಇನ್ನು ಕೆಲಸ. ಎಡಗಡೆ ಹಿಂಚಕ್ರದ ಹಿಂದೆ ಹಸ್ತದಗಲ ತುಕ್ಕು ತಿಂದಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದೆ. ಮೊದಲ ಸಲ ಅವಸರದಲ್ಲಿ ಎರಡೆರಡು ಇಂಚು ಒಟ್ಟಿಗೆ ಎಳೆದೆ. ಆ ತಗಡು ಸುಮಾರು 1 ಮಿಲಿಮೀಟರ್ ದಪ್ಪ ಅಷ್ಟೆ. ಕಾಯಿಸಿ ಬಿಟ್ಟಾಗ ಕುಗ್ಗಿ, ಸುತ್ತಲಿನ ಮೈಯನ್ನೆಲ್ಲ ಸೀರೆಯ ನೆರಿಗೆಯ ಹಾಗೆ ಎಳೆದುಕೊಂಡಿತು. ಎರಡು ದಿನ ಗರಾಜಿಗೆ ಹೋಗಲಿಲ್ಲ. ಮೂರನೆಯ ದಿನ ಎಲ್ಲ ಕತ್ತರಿಸಿ ತೆಗೆದು ಮತ್ತೆ ಶುರುಮಾಡಿದೆ. ಸರಿಯಾದ ಕ್ರಮ ಇದು: ಒಂದು ಚುಕ್ಕೆ ವೆಲ್ಡ್ ಹಾಕಿ, ಮುಂದಿನದನ್ನು ಆ ತುದಿಗೆ, ಅದರ ಮುಂದಿನದನ್ನು ನಡುವೆ ಹಾಕಬೇಕು. ಕೈಯಿಟ್ಟರೆ ತಣ್ಣಗಿದೆ ಅನ್ನಿಸುವವರೆಗೆ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಇಡಬಾರದು. ಪ್ರತಿ ಚುಕ್ಕೆಯನ್ನೂ ಒಳಗಡೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಹಿಗ್ಗಿಸಬೇಕು. ಒಂದೂವರೆ ಅಡಿ ಹೊಲಿಗೆಗೆ ಒಂದು ಇಡೀ ಭಾನುವಾರ ಹೋಯಿತು.

ಆಮೇಲೆ ಪುಟ್ಟಿ, ಪ್ರೈಮರ್, ವಾಟರ್ ಪೇಪರ್. ಪ್ರೈಮರ್ ಒಣಗಿದ ಮೇಲೆ ಕಪ್ಪು ಬಣ್ಣವನ್ನು ಮಂಜಿನಷ್ಟು ತೆಳ್ಳಗೆ ಉದುರಿಸುತ್ತೇನೆ. ಉದ್ದನೆಯ ಮರದ ಪಟ್ಟಿಗೆ 180 ನಂಬರಿನ ಉಜ್ಜುಕಾಗದ ಸುತ್ತಿ ಓರೆಯಾಗಿ, ಒಂದು ಸಲ ಈ ಕಡೆಗೆ ಒಂದು ಸಲ ಆ ಕಡೆಗೆ, ಉಜ್ಜುತ್ತೇನೆ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಬೆರಳಿನಿಂದ ಉಜ್ಜಿದರೆ ಕೆಟ್ಟಿತು, ಬೆರಳು ತಗ್ಗಿನೊಳಕ್ಕೇ ಇಳಿದು ಅದನ್ನು ಇನ್ನೂ ಆಳ ಮಾಡುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಕಾರ್ಖಾನೆಯವರು ಮೈಯ ಬೆಸುಗೆ ಮುಚ್ಚಲಿಕ್ಕೂ ಸೀಸ ತುಂಬುತ್ತಿದ್ದರು. ಆದ್ದರಿಂದ ಒಣಗಿದ್ದನ್ನು ಉಜ್ಜದೆ ನೀರು ಹಾಕಿಯೇ ಉಜ್ಜಿದೆ, ಮಾಸ್ಕ್ ತೆಗೆಯಲಿಲ್ಲ, ಮಕ್ಕಳನ್ನು ಆ ದಿನಗಳಲ್ಲಿ ಒಳಗೆ ಬಿಡಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಒಂದು ಸಂಜೆ, ಕೈಗೆ ಹತ್ತಿಯ ತೆಳು ಬಟ್ಟೆ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ರೆಕ್ಕೆಯ ತುದಿಯವರೆಗೆ ಎಳೆಯುತ್ತಿದ್ದೆ. ಬಟ್ಟೆ ಇದ್ದರೆ ಕೈ ಜಾರುತ್ತದೆ, ಮೈಯ ಏರಿಳಿತ ಮಾತ್ರ ತಿಳಿಯುತ್ತದೆ. ನಡುವೆ ಒಂದು ಕಡೆ ಅಂಗೈ ತಾನಾಗಿ ನಿಂತಿತು. ಅಲ್ಲಿಗೆ ನೀರು ಬಳಿದು ಟ್ಯೂಬ್‌ಲೈಟಿನಲ್ಲಿ ನೋಡಿದೆ. ಗೆರೆ ಸಣ್ಣಗೆ ಬಾಗಿತ್ತು. ಕೈ ಮೊದಲು ಕಂಡದ್ದನ್ನು ಕಣ್ಣು ಆಮೇಲೆ ಕಂಡಿತ್ತು. ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಶಿವಮೊಗ್ಗದಲ್ಲಿ ಬೆಳಗಿನ ಜಾವ. "ಸಿಕ್ತಾ?" ಎಂದಷ್ಟೇ ಕೇಳಿದರು.

ಹೊಳೆಯುವ ಪಟ್ಟಿಗಳ ವಿಷಯವನ್ನೂ ಹೇಳಿಬಿಡಬೇಕು, ಇದನ್ನು ತಿಳಿಯದೆ ಹಾಳು ಮಾಡಿಕೊಂಡವರನ್ನು ಕಂಡಿದ್ದೇನೆ. ಈ ಕಾರಿನಲ್ಲಿ ಹೊಳೆಯುವುದೆಲ್ಲ ಕ್ರೋಮ್ ಅಲ್ಲ. ಬಂಪರುಗಳಿಗೆ ಕ್ರೋಮ್ ಲೇಪ, ಅದನ್ನು ಲೇಪ ಹಾಕುವವರಿಗೇ ಕೊಡಬೇಕು. ಪಕ್ಕದ ಉದ್ದನೆಯ ಪಟ್ಟಿಗಳು ಸ್ಟೀಲು, ನಮ್ಮ ಅಡುಗೆಮನೆಯ ಲೋಟದ ಹಾಗೆ ಒಳಗೂ ಹೊರಗೂ ಅದೇ. ಅವುಗಳ ತಗ್ಗನ್ನು ಮನೆಯಲ್ಲೇ ತೆಗೆಯಬಹುದು. ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ, ಅಕ್ಕಸಾಲಿಗರು ತಟ್ಟುವಷ್ಟು ಹಗುರಕ್ಕೆ ತಟ್ಟಿ, ನಯವಾದ ಅರದಲ್ಲಿ ಒಮ್ಮೆ ಸವರಿದರೆ ಎತ್ತರ ತಗ್ಗು ಕಾಣುತ್ತದೆ. 400ರಿಂದ ಶುರುಮಾಡಿ 600, 800, 1000ದವರೆಗೆ ಕಾಗದ ಹೊಡೆದು ಕೊನೆಗೆ ಬಟ್ಟೆಯ ಚಕ್ರಕ್ಕೆ ಹಿಡಿದರೆ ಕನ್ನಡಿಯಾಗುತ್ತದೆ. ರೆಕ್ಕೆಯ ಕೆಳಗಿನ ಗೀರುಗೀರಿನ ಬೆಳ್ಳಿ ಹಾಳೆ ಮಾತ್ರ ಅಲ್ಯೂಮಿನಿಯಂ. ಅದರ ಮೇಲ್ಪದರ ಬಲು ನಾಜೂಕು, ಚಕ್ರಕ್ಕೆ ಹಿಡಿದರೆ ಹೊಳಪು ಮತ್ತೆ ಬರುವುದಿಲ್ಲ. ಸೋಪುನೀರಿನಲ್ಲಿ ತೊಳೆದು ಬಿಡಬೇಕು. ಪೆಟ್ರೋಲ್ ಹಾಕುವ ಬಾಯಿಯೂ ಎಡ ರೆಕ್ಕೆಯ ತುದಿಯ ಪಟ್ಟಿಯ ಹಿಂದೆ ಅಡಗಿದೆ. ಮಕ್ಕಳು ಅದನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಅದರ ಸ್ಪ್ರಿಂಗು ಸಡಿಲ ಮಾಡಿದ್ದಾರೆ.

ಬ್ರೇಕಿನಲ್ಲಿ ಹಳೆಯದನ್ನೇ ಇಟ್ಟುಕೊಳ್ಳುವ ಹಟ ನನಗಿಲ್ಲ. ಮೂಲದಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಎಣ್ಣೆಯ ಒಂದೇ ಮನೆ, ಒಂದು ಕೊಳವೆ ಒಡೆದರೆ ಎಲ್ಲ ಹೋಯಿತು. ಮುಂದಕ್ಕೊಂದು ಹಿಂದಕ್ಕೊಂದು ಮನೆಯಿರುವ ಮಾಸ್ಟರ್ ಸಿಲಿಂಡರ್ ಹಾಕಿದೆ. ಸೀಟ್‌ಬೆಲ್ಟನ್ನೂ ಹಾಕಿದೆ. ಮಕ್ಕಳು ಕೂರುವ ಕಾರು.

ಬಣ್ಣ ಏನೆಂದು ತೀರ್ಮಾನಿಸುವ ಕಷ್ಟ ಬರಲಿಲ್ಲ. ಎಂಜಿನ್ ಮನೆಯ ಹಿಂದಿನ ಗೋಡೆಯಲ್ಲಿ ತಗಡಿನ ಚೀಟಿಯಿರುತ್ತದೆ, ಅದರಲ್ಲಿ ಬಣ್ಣದ ಸಂಕೇತ. ನನ್ನದಕ್ಕೆ ಮೈಗೆ ಲಾರ್ಕ್‌ಸ್ಪರ್ ಬ್ಲೂ, ಚಾವಣಿಗೆ ಬಿಳಿ. ಆ ಬಿಳಿಯ ಹೆಸರು ಇಂಡಿಯಾ ಐವರಿ. ಅದನ್ನು ಓದಿದಾಗ ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಬಣ್ಣಕ್ಕೆ ಮುಂಚೆ, ಬರೀ ಬೂದು ಪ್ರೈಮರಿನಲ್ಲೇ ಅದನ್ನು ವುಡ್‌ವರ್ಡ್ ರಸ್ತೆಗೆ ಒಯ್ದೆವು. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಅಲ್ಲಿ ಹಳೆಯ ಕಾರುಗಳ ಮೆರವಣಿಗೆ, 1995ರಿಂದ ನಡೆದುಬಂದಿರುವ ಹಬ್ಬ. ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತವರು ಬೂದು ಕಾರಿಗೂ ಕೈಬೀಸುತ್ತಾರೆ. ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು, ನಮ್ಮಪ್ಪನದೂ ನಾಲ್ಕು ಬಾಗಿಲಿನದೇ ಆಗಿತ್ತು ಎಂದು ಹಿಂದಿನ ಸೀಟನ್ನು ಇಣುಕಿ ನೋಡಿದರು. ಬಾಗಿಲು ತೆಗೆದು ಕೂರಿಸಿದೆ. ಸ್ವಲ್ಪ ಹೊತ್ತು ಏನೂ ಮಾತಾಡದೆ ಕೂತಿದ್ದು ಇಳಿದು ಹೋದರು.

ಮರುವರ್ಷ ಜೂನ್‌ನಲ್ಲಿ ಮಾವ ಬಂದರು. ವಯಸ್ಸು ಎಪ್ಪತ್ತೆಂಟು, ಶೆಡ್ಡು ಮುಚ್ಚಿ ಎಷ್ಟೋ ವರ್ಷವಾಗಿದೆ. ಕೊನೆಯ ಕೋಟ್ ಪ್ರೈಮರ್ ಉಜ್ಜಿ ಮುಗಿಸಿದ್ದೆ, ವಾರದೊಳಗೆ ಬಣ್ಣ ಎಂದು ದಿನ ಗೊತ್ತುಮಾಡಿದ್ದೆ. ಕಾಫಿ ಕುಡಿದು, "ಎಲ್ಲೋ ಅದು?" ಎಂದರು. ಗರಾಜಿನಲ್ಲಿ ಕಾರಿನ ಸುತ್ತ ಒಂದು ಬಾರಿ ನಡೆದರು. ರೆಕ್ಕೆಯ ಹತ್ತಿರ ನಿಂತು, "ಜೇಡಿಯಲ್ಲಿ ಮಾಡ್ತಿದ್ರು ಅಂದ್ಯಲ್ಲ, ಮಾಡಿದವ್ರು ಪುಣ್ಯವಂತರು" ಎಂದರು. ಆಮೇಲೆ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ಬಲಗಡೆ ಮುಂದಿನ ದೀಪದಿಂದ ಅಂಗೈ ಎಳೆಯುತ್ತ ಹೊರಟರು, ಕಣ್ಣು ಹೊರಗಿನ ಮೇಪಲ್ ಮರದ ಕಡೆಗಿತ್ತು. ಹಿಂದಿನ ಬಾಗಿಲಿನ ಹಿಡಿಕೆ ದಾಟಿ ಒಂದು ಗೇಣು ಹೋದ ಮೇಲೆ ಕೈ ನಿಂತಿತು. ಹಿಂದಕ್ಕೆ ಬಂದರು, ಮತ್ತೆ ಮುಂದಕ್ಕೆ ಹೋದರು.

"ಸೀಮೆಸುಣ್ಣ ಇದ್ಯಾ?"

ಮಗಳು ತನ್ನ ಡಬ್ಬಿಯಿಂದ ಗುಲಾಬಿ ಬಣ್ಣದ್ದೊಂದು ತಂದುಕೊಟ್ಟಳು. ಮಾವ ಎಂಟಾಣೆ ಅಗಲದ ಸುತ್ತು ಹಾಕಿದರು. ನಾನು ಕೈಯಿಟ್ಟೆ. ಇತ್ತು.

ಮಾರನೆಯ ದಿನ ಬೆಳಿಗ್ಗೆ ಒಂದು ಬಕೆಟ್ ನೀರು, ಎರಡು ಹಾಳೆ ವಾಟರ್ ಪೇಪರ್ ಇಟ್ಟುಕೊಂಡು ಇಬ್ಬರೂ ನೆಲದ ಮೇಲೆ ಕೂತೆವು. ಬಣ್ಣದವನಿಗೆ ಇನ್ನೊಂದು ವಾರ ಬಿಟ್ಟು ಬಾ ಎಂದು ಹೇಳಿದೆ.