ಬೌನ್ಸ್ ರೇಟ್ ಏರಿದಾಗ ಪುಟವಾರು ನೋಡಿ

ಬೀದರಿನಲ್ಲಿರುವ ನಮ್ಮ ಸೋದರಮಾವನ ಬಿದರಿ ಸಾಮಾನುಗಳ ಅಂಗಡಿಗೆ ಒಂದು ವೆಬ್‌ಸೈಟ್ ಇದೆ, ನೋಡಿಕೊಳ್ಳುವವನು ನಾನು. ಬಂದವರಲ್ಲಿ ಮುಕ್ಕಾಲು ಪಾಲು ಜನ ಹಾಗೆಯೇ ಹೊರಟುಹೋಗುತ್ತಿದ್ದಾರೆ ಎನ್ನುತ್ತಿತ್ತು ಬೌನ್ಸ್ ರೇಟ್. ಇಡೀ ಸೈಟಿನ ಸರಾಸರಿಯಿಂದ ಏನೂ ತಿಳಿಯದು, ಪುಟವಾರು ಬಿಡಿಸಿ ನೋಡಿದೆ.

ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಎರಡು ಪುಟ ನೋಡಿದರೆ ಅಥವಾ ಕೀ ಈವೆಂಟ್, ಅಂದರೆ ನಾವು ಮುಖ್ಯವೆಂದು ಗುರುತಿಸಿದ ಕ್ರಿಯೆ, ನಡೆದರೆ ಆ ಭೇಟಿ ಬೌನ್ಸ್ ಅಲ್ಲ. ಹಳೆಯ ಆವೃತ್ತಿಯಲ್ಲಾದರೆ ಒಂದೇ ಪುಟವನ್ನು ಹತ್ತು ನಿಮಿಷ ಓದಿ ಹೋದವರೂ ಬೌನ್ಸ್ ಲೆಕ್ಕಕ್ಕೇ ಸೇರುತ್ತಿದ್ದರು.

ವಿಳಾಸದ ಪುಟಕ್ಕೆ ಬಂದವರು ಥಟ್ಟನೆ ಫೋನ್ ನಂಬರ್ ಒತ್ತಿ ಹೋಗುತ್ತಿದ್ದರು. ಅದು ಗಿರಾಕಿ ಸಿಕ್ಕ ಲೆಕ್ಕ, ತಪ್ಪಿಹೋದದ್ದಲ್ಲ! ಆ ಒತ್ತುವಿಕೆಯನ್ನು ಕೀ ಈವೆಂಟ್ ಮಾಡಿದೆ.

ನಿಜವಾದ ತೊಂದರೆ ಇದ್ದದ್ದು ಹೂಜಿಗಳ ಪುಟದಲ್ಲಿ. ಕಪ್ಪು ಮೈಯ ಮೇಲಿನ ಬೆಳ್ಳಿ ಎಳೆ ಸ್ಪಷ್ಟವಾಗಿ ಕಾಣಲೆಂದು ಹಾಕಿದ್ದ ಭಾರಿ ಚಿತ್ರಗಳು ತೆರೆದುಕೊಳ್ಳುವಷ್ಟರಲ್ಲಿ ಮೊಬೈಲ್ ಹಿಡಿದವರ ತಾಳ್ಮೆ ಮುಗಿಯುತ್ತಿತ್ತು. ಅವನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಇಳಿಸಿ, ಬೆಲೆಯನ್ನು ಮೊದಲ ಚಿತ್ರದ ಕೆಳಗೇ ಬರೆದೆ. ಈಗ ಜನ ಅಲ್ಲಿಂದ ಹೂದಾನಿಗಳ ಪುಟಕ್ಕೂ ಹೋಗುತ್ತಿದ್ದಾರೆ.

ಜಾಹೀರಾತಿನಿಂದ ಬಂದವರ ಬೌನ್ಸ್ ಮಾತ್ರ ಇನ್ನೂ ಇಳಿದಿಲ್ಲ. ಜಾಹೀರಾತಿನಲ್ಲಿ ತೋರಿಸಿದ ಆಭರಣದ ಪೆಟ್ಟಿಗೆ ಅವರು ಬಂದಿಳಿಯುವ ಪುಟದಲ್ಲಿಲ್ಲ. ಈ ವಾರ ಅದನ್ನು ಸೇರಿಸುತ್ತೇನೆ.