ಕಳಚುವ ಅಣುಸ್ಥಾವರಕ್ಕೆ ಪೂರ್ತಿ ಕತ್ತಲು: ನನ್ನ ಅನುಭವ

ಕಳಚುವ ಹಂತಕ್ಕೆ ಬಂದ ಅಣುಸ್ಥಾವರದಲ್ಲಿ ನನಗೆ ವಿಕಿರಣಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಯಾರಿಗೂ ಗೊತ್ತಿಲ್ಲದೆ ಜೀವ ಹಿಡಿದುಕೊಂಡಿರುವ ಕೇಬಲ್. ವಿಕಿರಣಕ್ಕೆ ಮೀಟರ್ ಇದೆ, ಎದೆಯ ಮೇಲೆ ಡೋಸಿಮೀಟರ್ ಇದೆ, ವಿಕಿರಣ ಸುರಕ್ಷತೆ ನೋಡುವ ಹೆಲ್ತ್ ಫಿಸಿಕ್ಸ್‌ನವರು ಪಕ್ಕದಲ್ಲೇ ನಿಂತಿರುತ್ತಾರೆ. 50 ವರ್ಷಗಳಿಂದ ಟ್ರೇಯಲ್ಲಿ ಒಂದರ ಮೇಲೊಂದು ಬಿದ್ದಿರುವ ಕಪ್ಪು ಕೇಬಲ್‌ಗಳ ರಾಶಿಗೆ ಗರಗಸ ಇಡುವವನಿಗೆ ಅಂಥ ಕಾವಲಿಲ್ಲ. ಬ್ರಿಟನ್ನಿನ ಕರಾವಳಿಯ ಒಂದು ಹಳೆಯ ಸ್ಥಾವರದಲ್ಲಿ ವಿದ್ಯುತ್ ಐಸೋಲೇಷನ್ನಿನ, ಅಂದರೆ ಕೆಲಸಕ್ಕೆ ಮುನ್ನ ವಿದ್ಯುತ್ ಕಡಿದು ಬೇರ್ಪಡಿಸುವುದರ, ಹೊಣೆಯೂ ಪರೀಕ್ಷಾ ವೇಳಾಪಟ್ಟಿಯ ಹೊಣೆಯೂ ನನ್ನವು. ಇಡೀ ಕಟ್ಟಡದ ಹಳೆಯ ವಿದ್ಯುತ್ತನ್ನು ಒಂದೇ ಸಲ ಕಡಿದುಹಾಕಿ, ಹೊರಗಿನಿಂದ ಹೊಸ ವಿದ್ಯುತ್ ತರೋಣ ಎಂದಾಗ ಆಗುವುದಿಲ್ಲ ಎಂದವರೇ ಹೆಚ್ಚು. ಈಗ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಂಟು ಇದ್ದದ್ದು ತಪಾಸಣೆಯ ಪಟ್ಟಿಯಲ್ಲೇ. ಬ್ರಿಟನ್ನಿನ ಅಣು ನಿಯಂತ್ರಣ ಕಚೇರಿಯ ಪರವಾನಗಿಗೆ 36 ಷರತ್ತುಗಳಿವೆ. ಕಳಚುವಿಕೆಗೆ 35ನೆಯದು, ಮಾರ್ಪಾಡಿಗೆ 22ನೆಯದು, ಪರೀಕ್ಷೆ-ತಪಾಸಣೆ-ನಿರ್ವಹಣೆಗೆ 28ನೆಯದು. ಇಪ್ಪತ್ತೆಂಟರ ಪಟ್ಟಿಯಲ್ಲಿ ಒಂದು ಬಾಬು ಸೇರಿತೆಂದರೆ ಅದರ ದಿನಾಂಕ ತಪ್ಪುವಂತಿಲ್ಲ. ನಮ್ಮ ಪಟ್ಟಿ ಸ್ಥಾವರ ಓಡುತ್ತಿದ್ದ ಕಾಲದ್ದು. ಯಾರಿಗೂ ಬೇಡವಾದ ಕ್ರೇನಿಗೂ ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷೆಗೆ ವಿದ್ಯುತ್ ಬೇಕು. ವಿದ್ಯುತ್ತಿಗೆ ಹಳೆಯ ಸಬ್‌ಸ್ಟೇಷನ್ ಬದುಕಿರಬೇಕು. ಸುರಕ್ಷತೆಗೆಂದು ಇಟ್ಟ ಪಟ್ಟಿಯೇ ಅಪಾಯಕ್ಕೆ ಅನ್ನ ಹಾಕುತ್ತಿತ್ತು.

ಮೊದಲು ಎಲ್ಲರಂತೆ ಕೋಣೆ ಕೋಣೆಯಾಗಿ ಹೊರಟೆವು. ಬ್ರೇಕರ್ ತೆರೆ, ಬೀಗ ಹಾಕು, ಟ್ಯಾಗ್ ಕಟ್ಟು, ಪರೀಕ್ಷಿಸು, ಕತ್ತರಿಸು. ಡ್ರಾಯಿಂಗ್‌ಗಳು ಕೈಕೊಟ್ಟವು. ಒಂದು ಚಿಕ್ಕ ಪಂಪ್ ಕೋಣೆಗೆ 3 ಬೇರೆ ಬೋರ್ಡುಗಳಿಂದ ವಿದ್ಯುತ್ ಬರುತ್ತಿತ್ತು. ಅದರಲ್ಲಿ ಒಂದು ಪಕ್ಕದ ಕಟ್ಟಡದ್ದು, ಎಂದೋ ಯಾರೋ ಹೀಟರಿಗೆಂದು ಎಳೆದದ್ದು. ಯಾವ ಹಾಳೆಯಲ್ಲೂ ಅದರ ಸುಳಿವಿಲ್ಲ. ಟೋನ್ ಎಂಬ ಸಂಕೇತ ಬಿಟ್ಟು ಕೇಬಲ್ ಹಿಂಬಾಲಿಸುವ ಉಪಕರಣ ತಂದೆವು. ಸೀಸದ ಕವಚದ ಹಳೆಯ ಕೇಬಲ್‌ಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿರುವಾಗ ಟೋನ್ ಪಕ್ಕದ ನಾಲ್ಕಕ್ಕೂ ಹಾರುತ್ತದೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಕ್ಲ್ಯಾಂಪ್ ಮೀಟರ್ ಕರೆಂಟ್ ಇಲ್ಲ ಎನ್ನುತ್ತದೆ. ವೋಲ್ಟೇಜ್ ಇಲ್ಲ ಎಂದು ಅದರ ಅರ್ಥವಲ್ಲ. ಉಷ್ಣ ಕ್ಯಾಮೆರಾಕ್ಕೂ ಇದೇ ಗತಿ, ಲೋಡಿಲ್ಲದ ಕೇಬಲ್ ಬಿಸಿಯಾಗುವುದೇ ಇಲ್ಲ. ಲೇಸರ್ ಸ್ಕ್ಯಾನಿಗೆ ಸುಮಾರು 40 ಸಾವಿರ ಪೌಂಡ್ ಹೋಯಿತು. ಪ್ರತಿ ಟ್ರೇಯೂ ಚಿತ್ರದಲ್ಲಿ ಎದ್ದು ಕಾಣುತ್ತಿತ್ತು, ಜೀವ ಯಾವುದರಲ್ಲಿದೆ ಎಂಬುದು ಮಾತ್ರ ಕಾಣಲಿಲ್ಲ. ದೂರ ನಿಂತು ಕೇಬಲ್ಲಿಗೆ ಮೊಳೆ ಹೊಡೆದು ಸತ್ತದ್ದನ್ನು ಖಚಿತಪಡಿಸುವ ಸ್ಪೈಕಿಂಗ್ ಗನ್ ಒಂದೇ ನಂಬಿಕೆಗೆ ಅರ್ಹವಾಗಿತ್ತು. ಆದರೆ ಆಸ್ಬೆಸ್ಟಾಸ್ ಮತ್ತು ಮಲಿನ ಧೂಳು ಇರುವಲ್ಲಿ ಪ್ರತಿ ಹೊಡೆತಕ್ಕೂ ಟೆಂಟ್ ಕಟ್ಟಬೇಕು. ಲೆಕ್ಕ ಹಾಕಿದರೆ ಒಂದು ಕೋಣೆಗೆ ಗರಗಸ ಇಡುವ ಮೊದಲೇ 9-10 ಸಾವಿರ ಪೌಂಡ್ ಕರಗುತ್ತಿತ್ತು. ಅಂಥ ಕೋಣೆಗಳು ಇನ್ನೂ ನೂರಕ್ಕೂ ಹೆಚ್ಚು ಇದ್ದವು.

ಆಗ ಲೆಕ್ಕವನ್ನು ತಿರುಗಿಸಿದೆ. ಯಾವುದನ್ನು ಆರಿಸಬೇಕು ಎಂದು ಹುಡುಕುವುದನ್ನು ಬಿಟ್ಟು, ಯಾವುದು ಉರಿಯುತ್ತಲೇ ಇರಬೇಕು ಎಂದು ಕೇಳಿದೆ. ಎಲ್ಲ ವಿಭಾಗಗಳಿಂದ ಪಟ್ಟಿ ಬಂದಾಗ ಹೆಚ್ಚುಕಡಿಮೆ 400 ಬಾಬುಗಳು. ಪ್ರತಿಯೊಬ್ಬರ ಮುಂದೆ ಕುಳಿತು ಒಂದೇ ಪ್ರಶ್ನೆ ಇಟ್ಟೆ: ಇದು 8 ಗಂಟೆ ನಿಂತರೆ ಏನಾಗುತ್ತದೆ, ಸುರಕ್ಷತಾ ದಾಖಲೆಯ ಯಾವ ಪುಟ ಹಾಗೆ ಹೇಳುತ್ತದೆ? ಕೆಲವರು ಸಿಟ್ಟಾದರು. ಪುಟ ತೋರಿಸಲು ಆದವರ ಬಾಬು ಉಳಿಯಿತು, ಉಳಿದದ್ದು ಹೋಯಿತು. ಕೊನೆಗೆ ನಿಂತದ್ದು 60ರ ಆಸುಪಾಸು: ವಾತಾಯನದ ಫ್ಯಾನ್‌ಗಳು, ಚಿಮಣಿಯ ಗಾಳಿ ಮಾದರಿ ಯಂತ್ರ, ಬೆಂಕಿ ಎಚ್ಚರಿಕೆ, ತ್ಯಾಜ್ಯ ಕೊಠಡಿಯ ಸಂಪ್ ಪಂಪ್, ಗಾಮಾ ಮಾನಿಟರ್, ತುರ್ತು ದೀಪ, ಹೀಗೆ.

ಈ ಅರವತ್ತಕ್ಕೆ ಕಟ್ಟಡದ ಹೊರಗೆ ಹೊಸ ಟ್ರಾನ್ಸ್‌ಫಾರ್ಮರ್ ಇಟ್ಟೆವು. ಅಲ್ಲಿಂದ ಕಿತ್ತಳೆ ಬಣ್ಣದ ಕೇಬಲ್, ಗೋಡೆಯೊಳಗೆ ಎಲ್ಲಿಯೂ ಹೋಗದೆ, ಪೂರ್ತಿ ಕಣ್ಣಿಗೆ ಕಾಣುವಂತೆ ತಲೆಯೆತ್ತರದ ಕೊಕ್ಕೆಗಳಲ್ಲಿ ಬಂದಿತು. ಕೈ ಉಪಕರಣಗಳಿಗೂ ದೀಪಗಳಿಗೂ 110 ವೋಲ್ಟ್, ಅಂದರೆ ನೆಲಕ್ಕೆ ಹೋಲಿಸಿದರೆ 55 ಮಾತ್ರ. ಕಟ್ಟಡದಲ್ಲಿ ಕಿತ್ತಳೆ ಬಣ್ಣ ಬೇರೆ ಯಾವುದಕ್ಕೂ ಇರಬಾರದು ಎಂದು ಹಟ ಹಿಡಿದೆ. ಗುತ್ತಿಗೆದಾರರ ಕಿತ್ತಳೆ ಎಕ್ಸ್‌ಟೆನ್ಷನ್ ವೈರುಗಳನ್ನೆಲ್ಲ ಗೇಟಿನ ಹೊರಗೆ ಕಳಿಸಿದೆ. ಖರ್ಚು 6 ಲಕ್ಷ ಪೌಂಡ್ ಹತ್ತಿರ. ಬೀಳುವ ಕಟ್ಟಡಕ್ಕೆ ಹೊಸ ವೈರಿಂಗ್ ಏಕೆ ಎಂದು ಲೆಕ್ಕಪತ್ರದವರು ಕೇಳಿದರು. ಕೋಣೆಗೆ 10 ಸಾವಿರದಂತೆ ಗುಣಿಸಿ ತೋರಿಸಿದೆ, ಮಾತು ನಿಂತಿತು.

ಹಿರಿಯ ಆಪರೇಟರ್‌ಗಳ ಆಕ್ಷೇಪಕ್ಕೆ ತೂಕವಿತ್ತು. ಫ್ಯಾನ್ ವರ್ಗಾಯಿಸುವಾಗ ಗಾಳಿಯನ್ನು ಒಳಗೇ ಹಿಡಿದಿಡುವ ಋಣ ಒತ್ತಡ (ಹೊರಗಿಗಿಂತ ಕಡಿಮೆ ಒತ್ತಡ) ಹೋಗುತ್ತದೆ, ಮಲಿನ ಗಾಳಿ ಹೊರಬಿದ್ದೀತು ಎಂದರು. ಕೆಲಸ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಬ್ಯಾಟರಿಯ ಗಾಳಿ ಮಾದರಿ ಯಂತ್ರಗಳನ್ನು ಇಟ್ಟು, ಫ್ಯಾನ್ ನಿಲ್ಲಿಸಿ ಒತ್ತಡ ಅಳೆಯುವ ಮ್ಯಾನೋಮೀಟರ್ ನೋಡುತ್ತ ಕುಳಿತೆವು. ಇದು ದೊಡ್ಡ ಪ್ರಯೋಗವೇ ಆಗಿಬಿಟ್ಟಿತು. ಒತ್ತಡ ಇಳಿಯುವ ವೇಗವನ್ನು ನಿರ್ಧರಿಸುತ್ತಿದ್ದದ್ದು ಬಾಗಿಲಡಿಯ ಸವೆದ ಬ್ರಷ್ ಪಟ್ಟಿಗಳು. ಕೆಲವೇ ನೂರು ಪೌಂಡಿನ ಪಟ್ಟಿ ಬದಲಿಸಿದ ಮೇಲೆ ಒತ್ತಡ ಮೊದಲಿಗಿಂತ ಮೂರು ಪಟ್ಟು ಹೊತ್ತು ನಿಂತಿತು. ಫ್ಯಾನ್ ನಿಲ್ಲಿಸಲು ನಮಗೆ ಒಪ್ಪಿಗೆ ಸಿಕ್ಕಿದ್ದು 1 ಗಂಟೆಯ ಅವಧಿಗೆ. ವರ್ಗಾವಣೆ ಕಾಲು ಗಂಟೆಯಲ್ಲಿ ಮುಗಿಯಿತು.

ಕೆಲವು ವಾರ ಹೊಸ ವಿದ್ಯುತ್ತಿನ ಮೇಲೆ ಎಲ್ಲವೂ ಓಡಿದ ಬಳಿಕ ಕಟ್ಟಡಕ್ಕೆ ವಿದ್ಯುತ್ ತರುವ ಹಳೆಯ ಫೀಡರ್‌ಗಳನ್ನು ಗೋಡೆಯ ಹೊರಗೇ ಕಡಿದು, ತುಂಡನ್ನೇ ತೆಗೆದುಹಾಕಿದೆವು. ಬೀಗಕ್ಕೆ ಬೀಗದಕೈ ಇರುತ್ತದೆ, ಗಾಳಿಯ ಅಂತರಕ್ಕೆ ಇರುವುದಿಲ್ಲ. ಒಳಗೆ ಹೋಗಿ ನೋಡಿದರೆ ಹಿಂಬದಿಯ ಮೆಟ್ಟಿಲ ಬಳಿ ಒಂದು ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿತ್ತು, ಅದೂ ಪಕ್ಕದ ಕಟ್ಟಡದ ಕೃಪೆ. ಕಣ್ಣಿಗೆ ಕಾಣುವ ದೀಪ ಸುಲಭ. ಹಳೆಯ 110 ವೋಲ್ಟ್ ಡಿಸಿ ಬ್ಯಾಟರಿಗಳಿಂದ ಹಿಂದಕ್ಕೆ ಹರಿಯುವ ವಿದ್ಯುತ್ತೇ ಕಷ್ಟ. ಅದನ್ನು ಹಿಡಿಯಲು ಬೋರ್ಡುಗಳನ್ನು ಯಾವ ಕ್ರಮದಲ್ಲಿ ತೆರೆದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ತಂಡ ಬೆವರು ಸುರಿಸಿ ಕಂಡುಕೊಂಡದ್ದು.

ನಿಯಂತ್ರಣ ಕಚೇರಿಯ ತಪಾಸಕರು ಬಂದಾಗ ಕಡತಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದೆ. ಅವರು ನೇರ ಒಳಗೆ ನಡೆದು, ಗರಗಸ ಹಿಡಿದಿದ್ದ ಹುಡುಗನನ್ನು ಕೇಳಿದರು: ಇದು ಸತ್ತಿದೆ ಎಂದು ನಿನಗೆ ಹೇಗೆ ಗೊತ್ತು? ಅವನು ಮೊದಲು ಮೇಲಿನ ಕಿತ್ತಳೆ ಕೇಬಲ್ ತೋರಿಸಿದ, ಆಮೇಲೆ ತನ್ನ ಪರ್ಮಿಟ್ಟಿನಲ್ಲಿದ್ದ ಗಾಳಿಯ ಅಂತರದ ಸಂಖ್ಯೆ ತೋರಿಸಿದ. ಟೆಸ್ಟರನ್ನು, ಅದು ಸರಿಯಿದೆಯೇ ಎಂದು ತೋರಿಸುವ ಪರೀಕ್ಷಾ ಡಬ್ಬಿಯಲ್ಲಿ ಒತ್ತಿ, ಕೇಬಲ್ಲಿಗೆ ಇಟ್ಟು, ಮತ್ತೆ ಡಬ್ಬಿಯಲ್ಲಿ ಒತ್ತಿದ. ಕಿತ್ತಳೆ ಅಲ್ಲದ್ದನ್ನೂ ಪರೀಕ್ಷಿಸದೆ ಕತ್ತರಿಸುವಂತಿಲ್ಲ ಎಂಬ ನಿಯಮವನ್ನು ನಾವು ಸಡಿಲಿಸಿರಲಿಲ್ಲ. ತಪಾಸಕರು ಇನ್ನಿಬ್ಬರನ್ನು ಕೇಳಿದರು, ಅದೇ ಉತ್ತರ ಬಂತು. ಬೇಡವಾದ ಉಪಕರಣಗಳ ಪರೀಕ್ಷೆಗಳು ಬಿದ್ದುಹೋಗಿ ಇಪ್ಪತ್ತೆಂಟರ ಪಟ್ಟಿ ಆಗ ಸುಮಾರು 700 ಬಾಬುಗಳಿಂದ 100ರ ಒಳಗೆ ಇಳಿದಿತ್ತು. ಪಟ್ಟಿ ಇಷ್ಟು ಚಿಕ್ಕದಾದದ್ದು ಹೇಗೆ ಎಂಬ ಪ್ರಶ್ನೆಗೆ ಪ್ರತಿ ಬಾಬಿನ ಪುಟ ಸಂಖ್ಯೆ ನನ್ನ ಬಳಿ ಇತ್ತು.

ತಾಮ್ರದ ವಿಷಯವನ್ನೂ ಹೇಳಬೇಕು. ಸುಮಾರು 12 ಟನ್ ಕೇಬಲ್ ಹೊರಬಂತು. ಧೂಳು ಅಂಟುವುದು ಹೊರಗಿನ ಪಿವಿಸಿಗೆ. ಸುಲಿದರೆ ಒಳಗಿನ ತಾಮ್ರ ಶುದ್ಧ. ಆದರೂ ಮಾದರಿ ತೆಗೆದು ಅಳೆಯದೆ ಒಂದು ಕಿಲೋ ಕೂಡ ಬಿಡಲಿಲ್ಲ. ವಿಕಿರಣಶೀಲ ಕೋಬಾಲ್ಟ್-60, ಸೀಸಿಯಂ-137 ಎರಡಕ್ಕೂ, ವಸ್ತುವನ್ನು ಹೊರಗೆ ಬಿಡಲು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೇಳುವ ಮಿತಿ ಗ್ರಾಮಿಗೆ 0.1 ಬೆಕೆರೆಲ್ (ವಿಕಿರಣಶೀಲತೆಯ ಮಾನ). 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಒಬ್ಬರ ಜೀವ ತೆಗೆದದ್ದು ನೆನಪಿರುವ ಯಾರೂ ಗುಜರಿಯ ವಿಷಯದಲ್ಲಿ ಉದಾರವಾಗಿರಲಾರರು. ಕೈಗೆ ಬಂದದ್ದು 25 ಸಾವಿರ ಪೌಂಡ್ ಇರಬಹುದು.

ಭಾರಜಲ ಸ್ಥಾವರಗಳಲ್ಲಿ ಇದನ್ನು ಮಾಡಹೊರಡುವ ಕನ್ನಡದ ಗೆಳೆಯರಿಗೆ ಒಂದು ಮಾತು. ಅಲ್ಲಿನ ಟ್ರಿಷಿಯಂನ, ಅಂದರೆ ವಿಕಿರಣಶೀಲ ಜಲಜನಕದ, ದುರ್ಬಲ ಬೀಟಾ ವಿಕಿರಣ ಕೈ ಮಾನಿಟರಿಗೆ ಸಿಗುವುದಿಲ್ಲ. ಫ್ಯಾನ್ ನಿಂತ ಕಾಲು ಗಂಟೆಯಲ್ಲಿ ಗಾಳಿಯ ತೇವಾಂಶದಲ್ಲಿ ಅದು ಎಷ್ಟು ಏರುತ್ತದೆ ಎಂಬುದನ್ನು ಬಬ್ಲರ್ (ಗಾಳಿಯನ್ನು ನೀರಿನಲ್ಲಿ ಹಾಯಿಸಿ ಮಾದರಿ ಹಿಡಿಯುವ ಉಪಕರಣ) ಇಟ್ಟು ಮೊದಲೇ ಅಳೆಯಿರಿ. ನನ್ನ ಕಟ್ಟಡದಲ್ಲಿ ಆ ತೊಡಕು ಇರಲಿಲ್ಲ. ಪಕ್ಕದ ಕಟ್ಟಡಕ್ಕೆ ಕಿತ್ತಳೆ ಕೇಬಲ್ ಬಂದಿಳಿದಿದೆ, ಈ ಸಲ ಹಣ ಕೇಳಲು ಒಂದು ಪುಟದ ಪತ್ರ ಸಾಕಾಯಿತು.